ಥ್ಯಾಂಕ್ಯೂ ಪಾರ್ಟ್ನರ್

ಬ್ರಿಜ್ ಆಟದಲ್ಲಿ ಬಿಡ್ಡಿಂಗ್ ಮುಗಿದು ಮೊದಲ ಎಲೆ ಮೇಜಿಗೆ ಬಿದ್ದ ಕೂಡಲೇ ಡಮ್ಮಿಯಾದವರು ತಮ್ಮ ಹದಿಮೂರೂ ಎಲೆಗಳನ್ನು ಬಿಚ್ಚಿ ಇಡುತ್ತಾರೆ. ತುರುಫು ಅವರ ಬಲಗಡೆಗೆ, ಉಳಿದ ಬಣ್ಣಗಳು ಅದರ ಪಕ್ಕದಲ್ಲಿ ಸಾಲಾಗಿ. ಆಟ ನಡೆಸಬೇಕಾದ ಜೊತೆಗಾರರು ಎದುರಿನಿಂದ ಅದನ್ನು ಒಮ್ಮೆ ನೋಡಿ ‘ಥ್ಯಾಂಕ್ಯೂ ಪಾರ್ಟ್ನರ್’ ಅನ್ನುತ್ತಾರೆ. ಬೇಕಾದ ರಾಜ, ರಾಣಿ ಎಲ್ಲ ಬಂದು ಕೂತಿದ್ದರೂ ಅದೇ ಮಾತು. ನಂಬಿಕೊಂಡಿದ್ದ ಎಕ್ಕ ಕಾಣದೆ ಆಟ ಮುಳುಗಿತು ಅಂತ ಗೊತ್ತಾದರೂ ಅದೇ ಮಾತು, ಅದೇ ದನಿ.

ಈ ಮಾತನ್ನು ಬಾಯಿಪಾಠದ ಶಿಷ್ಟಾಚಾರ ಅಂದುಕೊಂಡವರಿದ್ದಾರೆ. ನಾನು ಹಾಗೆ ಅಂದುಕೊಂಡಿಲ್ಲ. ಬ್ರಿಜ್ಜಿನಲ್ಲಿ ಸಭ್ಯತೆ ಮತ್ತು ಪ್ರಾಮಾಣಿಕತೆ ಎಷ್ಟು ಹತ್ತಿರ ಕೂತಿವೆ ಎಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಬೇರೆ ಆಟಗಳಲ್ಲಿ ಒರಟಾಗಿದ್ದೂ ನ್ಯಾಯವಾಗಿ ಆಡಬಹುದು. ಫುಟ್‌ಬಾಲ್ ಆಟಗಾರ ಸಿಡುಕು ಮುಖ ಮಾಡಿದರೆ ಚೆಂಡಿನ ದಾರಿ ಬದಲಾಗುವುದಿಲ್ಲ. ಬ್ರಿಜ್ ಮೇಜಿನಲ್ಲಿ ಮುಖ ಸಿಂಡರಿಸಿದರೆ ಎದುರು ಕೂತ ಜೊತೆಗಾರನಿಗೆ ಒಂದು ಸುದ್ದಿ ಮುಟ್ಟಿತು. ಹಾಗೆ ಮುಟ್ಟಿಸುವ ಹಕ್ಕು ಯಾರಿಗೂ ಇಲ್ಲ.

ಇದನ್ನು ಕುರಿತು ಬರೆಯಬೇಕು ಅನ್ನಿಸಿದ್ದು ಅತ್ತಿಬೆಲೆಯ ನಮ್ಮ ಗುಂಪಿನಿಂದ. ಅತ್ತಿಬೆಲೆ ಅಂದರೆ ಜನಕ್ಕೆ ಟೋಲ್ ನೆನಪಾಗುತ್ತದೆ, ಲಾರಿ ಸಾಲು ನೆನಪಾಗುತ್ತದೆ, ಹೊಸೂರು ರಸ್ತೆಯಲ್ಲಿ ಕರ್ನಾಟಕ ಮುಗಿಯುವ ಜಾಗ ಅನ್ನುವುದು ನೆನಪಾಗುತ್ತದೆ. ಇಲ್ಲಿ ವಾಸ ಇರುವವರಿಗೆ ಇದು ಹಗಲು ಕೈಗಾರಿಕಾ ಪ್ರದೇಶ, ರಾತ್ರಿ ಅಪಾರ್ಟ್‌ಮೆಂಟು. ನಮ್ಮ ಕ್ಲಬ್ ಹೌಸಿನಲ್ಲಿ ಭಾನುವಾರ ಮಧ್ಯಾಹ್ನ ಬ್ರಿಜ್ ಆಡಲು ಬರುವವರಲ್ಲಿ ಗಡಿಯಾಚೆ ಹೊಸೂರಿನ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿದ್ದಾರೆ. ಶುರುವಿನಲ್ಲಿ ಅಪಾರ್ಟ್‌ಮೆಂಟ್ ಸಂಘದವರು ಬಂದು ‘ದುಡ್ಡು ಕಟ್ಟಿ ಆಡ್ತೀರಾ ಸಾರ್?’ ಅಂತ ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಆನೇಕಲ್ ಸೀಮೆಯಲ್ಲಿ ಇಸ್ಪೀಟು ಅಂದರೆ ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಬಾಡೂಟ ಮುಗಿಸಿ, ಮರದ ನೆರಳಲ್ಲಿ ಟವೆಲ್ ಹಾಸಿ ಆಡುವ ಆಟ. ನಾಲ್ಕು ಜನ ಆಡಿದರೆ ಹತ್ತು ಜನ ಹಿಂದೆ ನಿಂತು ‘ಹಾಕು ಹಾಕು, ಗುಲಾಮ ಹಾಕು’ ಅಂತ ಕೂಗುವ ಆಟ. ಆ ಕೂಗಾಟದಲ್ಲೇ ಅದರ ಸುಖವಿದೆ. ಬ್ರಿಜ್ಜಿನ ಕಾನೂನಿನಲ್ಲಿ ನೋಡಲು ಬಂದವರಿಗೂ ಒಂದು ನಿಯಮ ಇದೆ: ಹಿಂದೆ ಕೂತು ನೋಡಬಹುದು, ಹುಬ್ಬು ಕೂಡ ಏರಿಸುವಂತಿಲ್ಲ. ಸಂಘದವರಿಗೆ ನಾವು ಸುಪ್ರೀಂ ಕೋರ್ಟು 1967ರಲ್ಲಿ ಕೊಟ್ಟ ಸತ್ಯನಾರಾಯಣ ಪ್ರಕರಣದ ತೀರ್ಪನ್ನು ತೋರಿಸಿದೆವು. ರಮ್ಮಿ ಕೌಶಲದ ಆಟ ಎಂದು ಹೇಳುವಾಗ ನ್ಯಾಯಾಲಯ ಹೋಲಿಕೆಗೆ ಎತ್ತಿಕೊಂಡದ್ದು ಬ್ರಿಜ್ಜನ್ನೇ. ಹಾಲ್ ಸಿಕ್ಕಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ವರು, ಎರಡು ಜೋಡಿ, ಐವತ್ತೆರಡು ಎಲೆ. ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆ, ಯಾವ ತುರುಫಿನಲ್ಲಿ ಅಂತ ಮೊದಲು ಹರಾಜು ಕೂಗುತ್ತಾರೆ, ಆಮೇಲೆ ಆಡುತ್ತಾರೆ. ಟೂರ್ನಮೆಂಟಿನಲ್ಲಿ ಒಮ್ಮೆ ಹಂಚಿದ ಎಲೆಗಳನ್ನು ಬೋರ್ಡ್ ಅನ್ನುವ ತಟ್ಟೆಯಲ್ಲಿ ಹಾಗೆಯೇ ಇಟ್ಟು ಮೇಜಿನಿಂದ ಮೇಜಿಗೆ ಸಾಗಿಸುತ್ತಾರೆ. ಅದೇ ಎಲೆಯಲ್ಲಿ ನೀವೇನು ಮಾಡಿದಿರಿ, ಪಕ್ಕದ ಮೇಜಿನವರೇನು ಮಾಡಿದರು ಅನ್ನುವುದರ ಮೇಲೆ ಅಂಕ. ಅದೃಷ್ಟವನ್ನು ಹೀಗೆ ಬಹುಮಟ್ಟಿಗೆ ಆಚೆ ಹಾಕಿದ ಮೇಲೆ ಉಳಿಯುವುದು ಜೋಡಿಯ ನಡುವಿನ ಮಾತುಕತೆ. ಆ ಮಾತುಕತೆಗೆ ಇರುವುದು ಎರಡೇ ದಾರಿ. ಕರೆದ ಬಿಡ್, ಇಳಿಸಿದ ಎಲೆ. ಮೂರನೆಯದು ಯಾವುದೇ ಇರಲಿ, ಕೆಮ್ಮು, ನಿಟ್ಟುಸಿರು, ಎಲೆಯನ್ನು ಟಪ್ಪಂತ ಕುಕ್ಕುವುದು, ಎಲ್ಲವೂ ನಿಷಿದ್ಧ.

ವಿಶ್ವ ಬ್ರಿಜ್ ಒಕ್ಕೂಟದ 2017ರ ನಿಯಮಾವಳಿಯಲ್ಲಿ 74ನೆಯ ನಿಯಮ ನಡತೆಗೆ ಸಂಬಂಧಿಸಿದ್ದು. ಅದರಲ್ಲಿ ಸದಾ ಸೌಜನ್ಯದಿಂದ ಇರಬೇಕು, ಇನ್ನೊಬ್ಬರಿಗೆ ಕಿರಿಕಿರಿ ಅಥವಾ ಮುಜುಗರ ಆಗುವ ಮಾತು ಆಡಬಾರದು ಅಂತ ಇದೆ. ಅದರ ಜೊತೆಜೊತೆಗೇ ತೀರ ಸಣ್ಣ ಸಣ್ಣ ಸಂಗತಿಗಳಿವೆ. ಸರದಿ ಬರುವ ಮೊದಲೇ ಕೈಯಿಂದ ಎಲೆ ಎಳೆದು ಹಿಡಿದು ಕೂರಬಾರದು. ಎದುರಾಳಿ ಯಾವ ಜಾಗದಿಂದ ಎಲೆ ತೆಗೆಯುತ್ತಾರೆ ಅಂತ ದಿಟ್ಟಿಸಬಾರದು. ಎಲ್ಲ ಟ್ರಿಕ್ಕೂ ತನ್ನವೇ ಅಂತ ಖಚಿತವಾದ ಮೇಲೂ ಎದುರಾಳಿಯನ್ನು ಕಂಗೆಡಿಸಲು ಆಟ ಎಳೆಯಬಾರದು. ಎಲ್ಲರೂ ಒಂದೇ ರೀತಿಯಲ್ಲಿ ಎಲೆ ಇಡಬೇಕು. ಮೊದಲ ಸಲ ಓದಿದವರಿಗೆ ಇದು ಅತ್ತೆಮನೆಯ ಕಟ್ಟುಪಾಡು ಅನ್ನಿಸೀತು. ಆಡುತ್ತಾ ಹೋದಂತೆ ಒಂದೊಂದರ ಹಿಂದೆಯೂ ಯಾರೋ ಮಾಡಿದ ಅನ್ಯಾಯ ಕಾಣಿಸತೊಡಗುತ್ತದೆ.

ಎಲೆ ಇಡುವ ರೀತಿಯನ್ನೇ ತೆಗೆದುಕೊಳ್ಳಿ. 2015ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಚೆನ್ನೈನಲ್ಲಿ, ನಮ್ಮ ಮನೆ ಮುಂದಿನ ರಸ್ತೆ ಹಿಡಿದು ಕೃಷ್ಣಗಿರಿಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ಊರಿನಲ್ಲಿ. ಅದಕ್ಕೆ ಕೆಲವೇ ವಾರ ಮುಂಚೆ ಬ್ರಿಜ್ ಲೋಕ ತತ್ತರಿಸಿ ಹೋಗಿತ್ತು. ನಾರ್ವೆಯ ಬೋಯೆ ಬ್ರೋಗೆಲಾಂಡ್ ಅನ್ನುವ ಆಟಗಾರ ತನ್ನದೇ ತಂಡದಲ್ಲಿ ಹಿಂದೆ ಆಡಿದ್ದ ಇಸ್ರೇಲಿನ ಜೋಡಿ ಮೋಸ ಮಾಡುತ್ತಿದೆ ಅಂತ ಬಹಿರಂಗವಾಗಿ ಹೇಳಿದ. ವಿಡಿಯೊಗಳನ್ನು ಜಗತ್ತಿನಾದ್ಯಂತ ಆಟಗಾರರು ಕೂತು ಪರೀಕ್ಷಿಸಿದರು. ಬೋರ್ಡನ್ನು ಮೇಜಿನ ಮೇಲೆ ಎಲ್ಲಿ ಇಡುತ್ತಾರೆ ಅನ್ನುವುದರಲ್ಲೇ ಸಂಕೇತ ಇತ್ತು ಅನ್ನುವುದು ಹೊರಬಂತು. ಆ ಜೋಡಿಗೆ ಯುರೋಪಿನ ಒಕ್ಕೂಟ ನಿಷೇಧ ಹಾಕಿತು. ಆ ಜೋಡಿಯ ಜೊತೆ ಗೆದ್ದಿದ್ದ ಪ್ರಶಸ್ತಿಗಳನ್ನು ಬ್ರೋಗೆಲಾಂಡ್ ತಾನೇ ಬಿಟ್ಟುಕೊಟ್ಟ. ಈ ಒಂದು ಕಾರಣಕ್ಕೆ ಅವನ ಹೆಸರನ್ನು ನಮ್ಮ ಗುಂಪಿಗೆ ಹೊಸಬರು ಬಂದಾಗಲೆಲ್ಲ ಹೇಳುತ್ತೇನೆ. ಅದೇ ದಿನಗಳಲ್ಲಿ ಮೊನಾಕೊ ಪರವಾಗಿ ಆಡುತ್ತಿದ್ದ ಇನ್ನೊಂದು ಜೋಡಿಯ ಮೇಲೂ ಆರೋಪ ಬಂತು: ಎಲೆಯನ್ನು ಉದ್ದಕ್ಕೆ ಇಟ್ಟರೆ ಒಂದು ಅರ್ಥ, ಅಡ್ಡಕ್ಕೆ ಇಟ್ಟರೆ ಇನ್ನೊಂದು ಅರ್ಥ ಅಂತ. ಅದನ್ನು ಮೊದಲು ಗುರುತಿಸಿದ್ದು ನೆದರ್ಲೆಂಡಿನ ಒಬ್ಬ ಸಾಮಾನ್ಯ ಕ್ಲಬ್ ಆಟಗಾರ್ತಿ. ಆ ಜೋಡಿಗೆ ಹಾಕಿದ್ದ ನಿಷೇಧವನ್ನು 2018ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಸಾಕ್ಷ್ಯ ಸಾಲದೆಂದು ತೆಗೆದುಹಾಕಿತು ಅನ್ನುವುದನ್ನೂ ಹೇಳಬೇಕು. ಏನೇ ಇರಲಿ, ಇಸ್ರೇಲ್, ಮೊನಾಕೊ ಎರಡೂ ತಂಡಗಳು ಚೆನ್ನೈಗೆ ಬರದೆ ಹಿಂದೆ ಸರಿದವು. ‘ಎಲ್ಲರೂ ಒಂದೇ ರೀತಿಯಲ್ಲಿ ಎಲೆ ಇಡಬೇಕು’ ಅನ್ನುವ ಸಪ್ಪೆ ಸಾಲಿನ ತೂಕ ಅಷ್ಟು.

ಅದಕ್ಕೂ ನಲವತ್ತು ವರ್ಷ ಹಿಂದೆ, 1975ರಲ್ಲಿ, ಬರ್ಮುಡಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಜೊತೆಗಾರರು ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಮೇಜಿನ ಮೇಲೆ ಅಡ್ಡ ಪರದೆ ನಿಲ್ಲಿಸಿದರು. ಅದೇ ಪಂದ್ಯಾವಳಿಯಲ್ಲಿ ಮೇಜಿನ ಕೆಳಗೆ ಕಾಲಿಗೆ ಕಾಲು ತಾಗಿಸಿದರು ಅನ್ನುವ ದೂರು ಎದ್ದಿತು. ಪರದೆ ಆಮೇಲೆ ಮೇಜಿನ ಕೆಳಕ್ಕೂ ಇಳಿಯಿತು. ಇಂಥ ಪರದೆಗಳು ದೊಡ್ಡ ಪಂದ್ಯಗಳಿಗೆ ಸರಿ. ಬೆಂಗಳೂರಿನ ಒಂದು ಸಾಧಾರಣ ಪೇರ್ಸ್ ಟೂರ್ನಮೆಂಟಿನಲ್ಲಿ ಪರದೆ ಎಲ್ಲಿಂದ ಬರಬೇಕು? ಅಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ಮುಖಕ್ಕೆ ತಾನೇ ಪರದೆ ಹಾಕಿಕೊಂಡು ಕೂರಬೇಕು.

ಅದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಸನ್ನಿವೇಶ ಹೇಳುತ್ತೇನೆ. ಎದುರಾಳಿ ನಾಲ್ಕು ಹಾರ್ಟ್ಸ್ ಕರೆದರು. ಈಗ ನನ್ನ ಜೊತೆಗಾರರ ಸರದಿ. ಅವರು ಯೋಚಿಸುತ್ತಾರೆ. ಬಿಡ್ಡಿಂಗ್ ಬಾಕ್ಸಿನ ಹತ್ತಿರ ಕೈ ಹೋಗುತ್ತದೆ, ಹಿಂದಕ್ಕೆ ಬರುತ್ತದೆ. ಕೊನೆಗೆ ಹಸಿರು ಪಾಸ್ ಕಾರ್ಡು ಇಡುತ್ತಾರೆ. ನನ್ನ ಕೈಯಲ್ಲಿ ಐದು ಸ್ಪೇಡ್ಸ್, ನಾಲ್ಕು ಸ್ಪೇಡ್ಸ್ ಕರೆಯಲೋ ಬೇಡವೋ ಅನ್ನುವಂಥ ಎಲೆ. ಜೊತೆಗಾರರು ತಕ್ಷಣ ಪಾಸ್ ಅಂದಿದ್ದರೆ ನಾನೂ ಪಾಸ್ ಅನ್ನುತ್ತಿದ್ದೆನೇನೋ. ಅವರು ಯೋಚಿಸಿದ್ದರಿಂದ ಅವರ ಕೈಯಲ್ಲಿ ಏನೋ ಇದೆ ಅಂತ ಈಗ ನನಗೆ ಗೊತ್ತು. ಯೋಚಿಸುವುದು ತಪ್ಪಲ್ಲ, ಅದು ಅವರ ಹಕ್ಕು. ಆದರೆ ಆ ಯೋಚನೆಯಿಂದ ನನಗೆ ದಕ್ಕಿದ ಸುಳಿವನ್ನು ಬಳಸುವ ಹಕ್ಕು ನನಗಿಲ್ಲ. ಎರಡು ದಾರಿಗಳೂ ಸಮಂಜಸವಾಗಿದ್ದರೆ ಸುಳಿವು ತೋರಿಸಿದ ದಾರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಅಂದರೆ ಪಾಸ್. ನಾಲ್ಕು ಸ್ಪೇಡ್ಸ್ ಗೆಲ್ಲುವ ಆಟ ಅಂತ ಕೈಬೆರಳು ತುರಿಸುತ್ತಿದ್ದರೂ ಪಾಸ್. ಹೊರಗಿನವರ ಕಣ್ಣಿಗೆ ಬೀಳದ, ಯಾರೂ ಚಪ್ಪಾಳೆ ಹೊಡೆಯದ ಈ ಪಾಸಿನಲ್ಲಿ ಆಟಗಾರನ ಮರ್ಯಾದೆ ಇದೆ ಅಂತ ನಾನು ನಂಬಿದ್ದೇನೆ.

ಇದಕ್ಕಿಂತಲೂ ಕಠಿಣವಾದದ್ದು ಇನ್ನೊಂದಿದೆ. ಬ್ರಿಜ್ಜಿನಲ್ಲಿ ಜೋಡಿಗಳಿಗೆ ಗುಟ್ಟಿನ ಭಾಷೆ ಇರುವಂತಿಲ್ಲ. ನಮ್ಮ ಬಿಡ್ಡಿಗೆ ನಾವು ಮಾಡಿಕೊಂಡ ಅರ್ಥ ಏನಿದೆಯೋ ಅದನ್ನು ಎದುರಾಳಿ ಕೇಳಿದರೆ ಪೂರ್ತಿ ಹೇಳಬೇಕು. ಮಾಮೂಲಿಗಿಂತ ಬೇರೆ ಅರ್ಥದ ಬಿಡ್ಡಾದರೆ ಅವರು ಕೇಳುವ ಮೊದಲೇ ‘ಅಲರ್ಟ್’ ಅಂತ ಎಚ್ಚರಿಸಬೇಕು. ನನ್ನ ಬಿಡ್ಡಿನ ಅರ್ಥ ವಿವರಿಸುವವರು ನನ್ನ ಜೊತೆಗಾರರು. ಅವರು ಮರೆತು ತಪ್ಪು ವಿವರಣೆ ಕೊಟ್ಟರು ಅನ್ನಿ. ನಾನು ಆಟೀನು ಎಲೆ ತೋರಿಸಲು ಕರೆದಿದ್ದೇನೆ, ಅವರು ಎದುರಾಳಿಗೆ ‘ಕ್ಲಬ್ಸ್ ಇದೆ ಸಾರ್ ಅವರ ಹತ್ರ’ ಅನ್ನುತ್ತಿದ್ದಾರೆ. ಆಗ ನಾನು ಬೆಚ್ಚುವಂತಿಲ್ಲ, ತಿದ್ದುವಂತಿಲ್ಲ, ಅವರ ಮಾತು ಕಿವಿಗೇ ಬಿದ್ದಿಲ್ಲ ಅನ್ನುವ ಹಾಗೆ ಮುಂದಿನ ಬಿಡ್ ಕರೆಯಬೇಕು. ಆಟ ನಮ್ಮದಾದರೆ ಮೊದಲ ಎಲೆ ಬೀಳುವ ಮುಂಚೆ ಡೈರೆಕ್ಟರನ್ನು ಕರೆದು ‘ವಿವರಣೆ ತಪ್ಪಾಗಿತ್ತು’ ಅಂತ ಎದುರಾಳಿಗೆ ತಿಳಿಸಬೇಕು. ನಾವು ಎದುರಿಸಿ ಆಡುವವರಾದರೆ ಆಟ ಮುಗಿಯುವ ತನಕ ಬಾಯಿ ಕಟ್ಟಿಕೊಂಡಿದ್ದು ಆಮೇಲೆ ಹೇಳಬೇಕು. ಎದುರಾಳಿಗೆ ಗೊತ್ತಿಲ್ಲದ ನಮ್ಮದೇ ತಪ್ಪನ್ನು, ನಮಗೇ ನಷ್ಟವಾಗುವಂತೆ, ನಾವೇ ಎದ್ದು ಹೇಳುವುದು. ಗೆಲ್ಲಲೇಬೇಕು ಅಂತ ಬೆಳೆಸಿದ ಮಕ್ಕಳಿಗೆ ಇದನ್ನು ಕಲಿಸುವುದು ಪಾಯಿಂಟ್ ಎಣಿಸುವುದನ್ನು ಕಲಿಸಿದಷ್ಟು ಸುಲಭವಲ್ಲ.

ಡೈರೆಕ್ಟರ್ ಅಂದೆನಲ್ಲ, ಹೊಸಬರು ಎಡವುವುದು ಅಲ್ಲೇ. ನಮ್ಮ ಕಡೆ ಒಬ್ಬರ ಮೇಲೆ ಪಂಚಾಯಿತಿ ಕರೆದರೆ ಅವರ ಮಾನ ಹೋದ ಹಾಗೆ. ಮೇಜಿನಲ್ಲಿ ‘ಡೈರೆಕ್ಟರ್ ಪ್ಲೀಸ್’ ಅಂತ ಕೈ ಎತ್ತಿದರೂ ಜನ ಹಾಗೇ ತಿಳಿದು ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ. ಸರದಿ ತಪ್ಪಿ ಎಲೆ ಬಿತ್ತು, ಬಣ್ಣ ಇದ್ದೂ ಬೇರೆ ಬಣ್ಣ ಹಾಕಿ ರಿವೋಕ್ ಆಯಿತು ಅಂದರೆ ಡೈರೆಕ್ಟರನ್ನು ಕರೆಯುವುದು ದೂರಲ್ಲ, ಅದೇ ಕ್ರಮ. ಆಟಗಾರರು ತಮ್ಮತಮ್ಮಲ್ಲೇ ‘ಇರಲಿ ಬಿಡಿ, ವಾಪಸ್ ತಗೊಳ್ಳಿ’ ಅಂತ ದೊಡ್ಡ ಮನಸ್ಸು ತೋರಿಸುವುದಕ್ಕೆ ಅವಕಾಶವೇ ಇಲ್ಲ. ಇದು ಕಠೋರ ಅನ್ನಿಸಬಹುದು. ಆದರೆ ಅದೇ ಬೋರ್ಡು ಇನ್ನೂ ಹತ್ತು ಮೇಜಿಗೆ ಹೋಗುತ್ತದೆ. ನೀವು ಇಲ್ಲಿ ಬಿಟ್ಟುಕೊಟ್ಟ ಟ್ರಿಕ್ಕು ಅಲ್ಲಿ ಸರಿಯಾಗಿ ಆಡಿದ ಯಾರದೋ ಅಂಕದಿಂದ ಹೋಗುತ್ತದೆ. ಕರೆಯುವ ರೀತಿ ಮಾತ್ರ ಮುಖ್ಯ. ಬೆರಳು ತೋರಿಸಿ ‘ಇವರು ನೋಡಿ ಏನ್ ಮಾಡಿದ್ರು’ ಅಂತ ಕೂಗಿದರೆ ಅದು 74ನೆಯ ನಿಯಮದ ಉಲ್ಲಂಘನೆ. ‘ಸಾರ್, ಡೈರೆಕ್ಟರ್ ಬರಲಿ, ಅವರೇ ಹೇಳ್ತಾರೆ’ ಅಂತ ತಣ್ಣಗೆ ಹೇಳಿ ಕೂರಬೇಕು. ನಡತೆ ಮಿತಿಮೀರಿದರೆ ಅಂಕ ಕಡಿಯುವ, ಆ ಸೆಷನ್ನಿನಿಂದ ಹೊರಗೆ ಕಳಿಸುವ ಅಧಿಕಾರವೂ ಅವರಿಗೆ ಇದೆ.

ನಮ್ಮಂಥ ಗಡಿ ಊರಿನವರಿಗೆ ಭಾಷೆಯ ಒಂದು ಕಟ್ಟು ಬೇರೆ. ಅತ್ತಿಬೆಲೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಹೊಸೂರಿನಿಂದ ಬರುವ ಹಿರಿಯರು ಜೊತೆಗಾರರ ಹತ್ತಿರ ತಮಿಳಿನಲ್ಲಿ, ನಾವು ಕನ್ನಡದಲ್ಲಿ ಅಭ್ಯಾಸಬಲದಿಂದ ಏನಾದರೂ ಅಂದುಬಿಡುತ್ತೇವೆ. ಮನೆಯ ಆಟದಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಟೂರ್ನಮೆಂಟಿನಲ್ಲಿ ಎದುರು ಕೊಲ್ಕತ್ತದವರೋ ಪುಣೆಯವರೋ ಕೂತಿರುತ್ತಾರೆ. ಬೋರ್ಡಿನ ನಡುವೆ ಅವರಿಗೆ ಅರ್ಥವಾಗದ ಭಾಷೆಯಲ್ಲಿ ಒಂದೇ ಒಂದು ಮಾತು ಬಂದರೂ, ಅದು ‘ಫ್ಯಾನ್ ಜಾಸ್ತಿ ಮಾಡಿ’ ಅನ್ನುವುದೇ ಆಗಿರಲಿ, ಅವರ ನೆಮ್ಮದಿ ಕೆಡುತ್ತದೆ. ಕೆಡುವುದು ನ್ಯಾಯವೇ. ಭಾಷೆಯ ಮೇಲಿನ ಅಭಿಮಾನ ನನಗೆ ಯಾರಿಗೂ ಕಡಿಮೆ ಇಲ್ಲ. ಬೋರ್ಡಿನ ನಡುವೆ ಮಾತ್ರ ಕನ್ನಡವನ್ನೂ ಸುಮ್ಮನಿರಿಸುವುದು ಎದುರು ಕೂತವರಿಗೆ ನಾವು ಕೊಡಬೇಕಾದ ಗೌರವ. ಮುಗಿದ ಬೋರ್ಡಿನ ಬಗ್ಗೆ ಕಾರಿಡಾರಿನಲ್ಲಿ, ಕಾಫಿ ಕೌಂಟರಿನಲ್ಲಿ ಮಾತಾಡುವುದೂ ಹಾಗೆಯೇ. ಹಿಂದೆ ಸಾಲಿನಲ್ಲಿ ನಿಂತವರು ಆ ಬೋರ್ಡನ್ನು ಇನ್ನೂ ಆಡಿರುವುದಿಲ್ಲ.

ಈಗಿನ ಹುಡುಗರಲ್ಲಿ ಬಹುಪಾಲು ಕಲಿತದ್ದು ಬ್ರಿಜ್ ಬೇಸ್ ಆನ್‌ಲೈನ್ ಅನ್ನುವ ಜಾಲತಾಣದಲ್ಲಿ, ಅದೂ 2020ರ ಲಾಕ್‌ಡೌನ್ ಕಾಲದಲ್ಲಿ. ಅವರ ಆಟ ನೋಡಿದರೆ ಸಂತೋಷವಾಗುತ್ತದೆ, ಲೆಕ್ಕ ಚುರುಕು, ನೆನಪು ಗಟ್ಟಿ. ಆದರೆ ಪರದೆಯ ಮೇಲೆ ರಿವೋಕ್ ಮಾಡಲು ಬರುವುದಿಲ್ಲ, ಯಂತ್ರವೇ ಬಿಡುವುದಿಲ್ಲ. ತಮ್ಮ ಬಿಡ್ಡಿನ ಅರ್ಥವನ್ನು ತಾವೇ ಟೈಪ್ ಮಾಡುತ್ತಾರೆ, ಜೊತೆಗಾರನಿಗೆ ಅದು ಕಾಣುವುದಿಲ್ಲ. ನಿಟ್ಟುಸಿರು ಬಿಟ್ಟರೂ ಕೇಳುವವರಿಲ್ಲ. ಹಾಗೆ ಬೆಳೆದವರು ನಿಜವಾದ ಮೇಜಿಗೆ ಬಂದಾಗ ಅವರ ಮುಖದಲ್ಲಿ ಕೈಯ ಎಲೆ ಎಲ್ಲವನ್ನೂ ಓದಬಹುದು. ಅವರದು ತಪ್ಪಲ್ಲ, ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಹೇಳಿಕೊಡಬೇಕಾದ ಹಿರಿಯರು ಏನು ಮಾಡುತ್ತಾರೆ ಅನ್ನುವುದು ನನ್ನ ದುಃಖ. ನಮ್ಮ ಗುಂಪಿನ ಒಬ್ಬಳು ಹುಡುಗಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಜಿನಿಯರ್, ಬೊಮ್ಮಸಂದ್ರದಿಂದ ಹಳದಿ ಮೆಟ್ರೊ ಹತ್ತಿ ತನ್ನ ಮೊದಲ ಟೂರ್ನಮೆಂಟಿಗೆ ಉತ್ಸಾಹದಿಂದ ಹೋದಳು. ಒಂದು ಮೇಜಿನಲ್ಲಿ ಅವಳು ಸ್ವಲ್ಪ ನಿಧಾನಿಸಿದ್ದಕ್ಕೆ ಹಿರಿಯ ಎದುರಾಳಿ ಗಡಿಯಾರ ನೋಡಿ, ‘ಏನಮ್ಮಾ, ಕಲಿತುಕೊಂಡು ಬರಬೇಕಲ್ವಾ ಇಲ್ಲಿಗೆ?’ ಅಂದರಂತೆ. ನಿಧಾನವಾಗಿದ್ದರೆ ಡೈರೆಕ್ಟರನ್ನು ಕರೆಯಬಹುದಿತ್ತು. ಅವಳು ಆ ಸೆಷನ್ ಮುಗಿಸಿ ಬಂದಳು, ಮತ್ತೆ ಟೂರ್ನಮೆಂಟಿಗೆ ಹೋಗಲಿಲ್ಲ. ಕರ್ನಾಟಕ ರಾಜ್ಯ ಬ್ರಿಜ್ ಸಂಸ್ಥೆ ಇದೆ, ಆಟಗಾರರಿದ್ದಾರೆ, 2018ರ ಜಕಾರ್ತ ಏಷ್ಯನ್ ಗೇಮ್ಸಿನಲ್ಲಿ ಅರವತ್ತರ ಪ್ರಣಬ್ ಬರ್ಧನ್, ಐವತ್ತಾರರ ಶಿಬ್‌ನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದುಕೊಟ್ಟರು. ಆ ವಯಸ್ಸುಗಳನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರ ನಂತರದವರು ಎಲ್ಲಿಂದ ಬರಬೇಕು ಅನ್ನುವುದನ್ನೂ ಅಷ್ಟೇ ಗಂಭೀರವಾಗಿ ಕೇಳಿಕೊಳ್ಳಬೇಕು. ಅಮೆರಿಕದ ಒಕ್ಕೂಟ ಒರಟು ನಡತೆಯನ್ನು ಒಂದಿಷ್ಟೂ ಸಹಿಸುವುದಿಲ್ಲ ಅನ್ನುವ ನೀತಿಯನ್ನು ತೊಂಬತ್ತರ ದಶಕದಲ್ಲೇ ತಂದಿತು. ಎದುರಾಳಿಗೆ ನಮಸ್ಕಾರ ಹೇಳುವುದು, ಹೊಸಬರನ್ನು ಸ್ವಾಗತಿಸುವುದು ಅಲ್ಲಿ ಆಟದ ಭಾಗ. ನಮ್ಮ ಕ್ಲಬ್ಬುಗಳೂ ಇದನ್ನು ಸುತ್ತೋಲೆಯಲ್ಲೇ ಬಿಡದೆ ಮೇಜಿನಲ್ಲಿ ಜಾರಿ ಮಾಡಬೇಕು.

ಎದುರಾಳಿಯ ಜೊತೆಗಾದರೂ ಸಭ್ಯವಾಗಿರಬಹುದು, ಅವರು ಎರಡೋ ಮೂರೋ ಬೋರ್ಡಿಗೆ ಎದ್ದು ಹೋಗುತ್ತಾರೆ. ಇಡೀ ದಿನ ಎದುರಿಗೆ ಕೂರುವವರು ಜೊತೆಗಾರರು. ಬೋರ್ಡು ಮುಗಿದ ಕೂಡಲೇ ‘ನೀವು ಡೈಮಂಡ್ ಯಾಕೆ ವಾಪಸ್ ಆಡ್ಲಿಲ್ಲ?’ ಅಂತ ಶುರುವಾದರೆ ಮುಂದಿನ ಬೋರ್ಡಿನಲ್ಲಿ ಅವರ ಬುದ್ಧಿ ಆ ಡೈಮಂಡಿನಲ್ಲೇ ಸಿಕ್ಕಿಕೊಂಡಿರುತ್ತದೆ. ಗಂಡ ಹೆಂಡತಿ ಜೋಡಿಯಲ್ಲಂತೂ ಮನೆಯ ಹಳೆಯ ಬಾಕಿಗಳೆಲ್ಲ ಬಂದು ಮೇಜಿನ ಮೇಲೆ ಕೂರುತ್ತವೆ. 1929ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಬೆನೆಟ್ ದಂಪತಿ ಮನೆಯಲ್ಲಿ ಸ್ನೇಹಿತರ ಜೊತೆ ಬ್ರಿಜ್ ಆಡುತ್ತಿದ್ದರು. ಗಂಡ ಹಿಡಿದ ನಾಲ್ಕು ಸ್ಪೇಡ್ಸ್ ಆಟ ಮುಳುಗಿತು, ಮಾತಿಗೆ ಮಾತು ಬೆಳೆಯಿತು, ಅವನು ಹೆಂಡತಿಯ ಕೆನ್ನೆಗೆ ಹೊಡೆದ. ಅವಳು ಒಳಗಿಂದ ಪಿಸ್ತೂಲು ತಂದು ಅವನನ್ನು ಕೊಂದಳು. 1931ರಲ್ಲಿ ನ್ಯಾಯಾಲಯ ಅವಳನ್ನು ಬಿಡುಗಡೆ ಮಾಡಿತು. ಈ ಪ್ರಕರಣವನ್ನು ಬ್ರಿಜ್ ಪುಸ್ತಕಗಳು ವಿನೋದಕ್ಕೆ ಹೇಳುತ್ತವೆ, ನನಗೆ ಅದರಲ್ಲಿ ನಗುವುದೇನೂ ಕಂಡಿಲ್ಲ. ನಾಲ್ಕು ಜನರೆದುರು ಜೊತೆಗಾರನನ್ನು ಅವಮಾನಿಸುವುದು ಆಟಕ್ಕೆ ಸೇರಿದ್ದು ಅಂತ ಒಪ್ಪಿಕೊಂಡಲ್ಲಿಂದಲೇ ಆ ಕೆನ್ನೆಪೆಟ್ಟಿನ ದಾರಿ ಶುರುವಾಗುತ್ತದೆ.

ಅದಕ್ಕೇ ನಮ್ಮ ಗುಂಪಿನಲ್ಲಿ ಹೊಸಬರಿಗೆ ಆಟ ಕಲಿಸುವ ಮುಂಚೆ ಮೂರು ಸಂಗತಿ ಮಾಡಿಸುತ್ತೇವೆ: ಎಲೆ ನೋಡುವ ಮೊದಲು ಮುಚ್ಚಿದ ಹಾಗೆಯೇ ಹದಿಮೂರು ಎಣಿಸುವುದು, ಡೈರೆಕ್ಟರನ್ನು ಕರೆಯುವುದು, ಡಮ್ಮಿ ಇಳಿದಾಗ ಒಂದೇ ದನಿಯಲ್ಲಿ ಥ್ಯಾಂಕ್ಯೂ ಅನ್ನುವುದು. ಆಟದ ವಿಮರ್ಶೆ ಏನಿದ್ದರೂ ಎಲ್ಲ ಬೋರ್ಡೂ ಮುಗಿದು ಚಹಾ ಬಂದ ಮೇಲೆ. ಗಂಡ ಹೆಂಡತಿಯನ್ನು ಒಂದೇ ಜೋಡಿಯಾಗಿ ಕೂರಿಸಬೇಕೋ ಬೇಡವೋ ಅನ್ನುವುದರಲ್ಲಿ ಮಾತ್ರ ಒಮ್ಮತ ಆಗಿಲ್ಲ. ಕೂರಿಸಬಾರದು ಅನ್ನುವವರು ಹೆಚ್ಚು. ಮೇಜಿನಲ್ಲಿ ಮರ್ಯಾದೆಯಾಗಿ ಮಾತಾಡುವುದನ್ನು ಕಲಿಯಬೇಕಾದವರು ಅವರೇ, ಹಾಗಾಗಿ ಕೂರಿಸಲೇಬೇಕು ಅನ್ನುವುದು ನನ್ನ ವಾದ. ಬರುವ ಭಾನುವಾರ ಆ ಹುಡುಗಿ ತನ್ನ ಗಂಡನನ್ನೂ ಕರೆದುಕೊಂಡು ಬರುತ್ತಾಳಂತೆ, ಅವರನ್ನು ಎಲ್ಲಿ ಕೂರಿಸಬೇಕು ಅನ್ನುವುದನ್ನು ಅಷ್ಟರೊಳಗೆ ತೀರ್ಮಾನಿಸಬೇಕು.